ಕಪ್ಪೆಗೆ ಮದುವೆ, ಸಂಸಾರಕ್ಕೆ ಜಾಗವಿಲ್ಲ

2023ರಲ್ಲಿ ಮಳೆ ಕೈಕೊಟ್ಟಾಗ ನಮ್ಮ ಓಣಿಯಲ್ಲಿ ಕಪ್ಪೆಗಳ ಮದುವೆ ನಡೆಯಿತು. ರಾಣೆಬೆನ್ನೂರಿನ ಕಡೆಯವರಿಗೆ ಇದೇನೂ ಹೊಸದಲ್ಲ. ಗುರ್ಜಿ ಹೊರುವುದು, ಕಪ್ಪೆಗೆ ಮದುವೆ ಮಾಡುವುದು ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು. ಗಂಡುಕಪ್ಪೆಗೆ ಬಾಸಿಂಗ, ಹೆಣ್ಣುಕಪ್ಪೆಗೆ ಅರಿಷಿಣ, ಮೇಲೆ ನಾವೆಲ್ಲ ಸೇರಿ ಅಕ್ಕಿಕಾಳು. ನಾನೂ ಹಾಕಿದೆ. ಬಿ.ಎ., ಬಿ.ಎಡ್. ಮಾಡಿದವರು ಇಂಥದ್ದಕ್ಕೆಲ್ಲ ಹೋಗುತ್ತೀರಾ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಗೋಧಿಹುಗ್ಗಿ ಚೆನ್ನಾಗಿತ್ತು.

ಆದರೆ ಒಂದು ಸಂಗತಿ ಚುಚ್ಚಿತು. ವಧೂವರರನ್ನು ಹುಡುಕಲು ಓಣಿಯ ಹುಡುಗರು ಮೂರು ದಿನ ಅಲೆದಿದ್ದರು. ಕೊನೆಗೆ ಗಂಡು ಸಿಕ್ಕಿದ್ದು ಗಟಾರದಲ್ಲಿ, ಹೆಣ್ಣು ಸಿಕ್ಕಿದ್ದು ಇಟ್ಟಿಗೆಭಟ್ಟಿಯ ತಗ್ಗಿನಲ್ಲಿ. (ಅದು ಹೆಣ್ಣೇ ಹೌದೋ ಅಲ್ಲವೋ ಯಾರೂ ಪರೀಕ್ಷೆ ಮಾಡಲಿಲ್ಲ.) ಮದುವೆ ಮುಗಿದ ಮೇಲೆ ಎರಡನ್ನೂ ಬಿಟ್ಟದ್ದು ಮತ್ತೆ ಅದೇ ಗಟಾರಕ್ಕೆ. ನಾನು ಸೊಸೆಯಾಗಿ ಈ ಊರಿಗೆ ಬಂದಾಗ ಓಣಿಯ ಹಿಂದೆ ಒಂದು ತಗ್ಗು ಇತ್ತು. ಮಿರಗದ ಮಳೆ ಬಿದ್ದ ರಾತ್ರಿ ಅಲ್ಲಿನ ಗದ್ದಲಕ್ಕೆ ನಿದ್ದೆ ಬರುತ್ತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಮಣ್ಣು ತರುತ್ತಿದ್ದುದೂ ಅಲ್ಲಿಂದಲೇ. ಈಗ ಅದಕ್ಕೆ ಗರಸು ತುಂಬಿ ಪ್ಲಾಟು ಮಾಡಿದ್ದಾರೆ. ಆ ಪ್ಲಾಟುಗಳಲ್ಲಿ ಒಂದು ನಮ್ಮದು. ಅದನ್ನು ಹೇಳದೆ ಮುಂದೆ ಹೋದರೆ ಈ ಲೇಖನ ಬರೆಯುವ ಹಕ್ಕು ನನಗಿಲ್ಲ.

ಮದುವೆ ಮಾಡಿಕೊಡುತ್ತೇವೆ, ಸಂಸಾರಕ್ಕೆ ಒಂದು ಮೂಲೆಯನ್ನೂ ಕೊಡುವುದಿಲ್ಲ. ಬೀಗರು ನಮ್ಮ ಮಗಳಿಗೆ ಹೀಗೆ ಮಾಡಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಆ ಮದುವೆಯ ಮರುವರ್ಷ ನಾನು ತರಗತಿಯಲ್ಲಿ ಕಪ್ಪೆಯ ಜೀವನಚಕ್ರ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಮೊಟ್ಟೆ, ಗೊದಮೊಟ್ಟೆ, ಕಾಲು ಮೂಡಿದ ಮರಿ, ಎಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೆ. ಎಷ್ಟು ಮಕ್ಕಳು ಗೊದಮೊಟ್ಟೆ ನೋಡಿದ್ದೀರಿ ಎಂದು ಕೇಳಿದರೆ ನಲವತ್ತೊಂದು ಮಕ್ಕಳಲ್ಲಿ ಮೂವರು ಕೈ ಎತ್ತಿದರು. ಮೂವರೂ ಹಳ್ಳಿಯಿಂದ ಬಸ್ಸಿಗೆ ಬರುವವರು. ಆ ಶನಿವಾರವೇ ಸಲಿಕೆ, ಬುಟ್ಟಿ ತರಿಸಿ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳ ಜೊತೆ ಒಂದು ತಗ್ಗು ತೋಡಿದೆ. ಏಳು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ, ಮೊಣಕಾಲಿನಷ್ಟು ಆಳ. ಮಳೆ ಬಂತು, ನೀರು ನಿಂತಿತು. ಹದಿನೈದು ದಿನಕ್ಕೆ ನಾನು ತರಬೇತಿಗೆಂದು ಹೋದೆ. ಬರುವಷ್ಟರಲ್ಲಿ ಅದನ್ನು ಮುಚ್ಚಿ ಇಂಟರ್‌ಲಾಕ್ ಕಲ್ಲು ಜೋಡಿಸಿದ್ದರು. ಈಗ ಅಲ್ಲಿ ನಾವು ಶಿಕ್ಷಕರು ಸ್ಕೂಟರ್ ನಿಲ್ಲಿಸುತ್ತೇವೆ. ಶಾಲೆಯ ಹೆಸರು ಬೇಡ. ಮುಚ್ಚಿದವರು ಕೆಟ್ಟವರೂ ಅಲ್ಲ. ಅವರು ಹೇಳಿದ ಮೂರು ಕಾರಣಗಳನ್ನು ನೀವೂ ಹೇಳುತ್ತೀರಿ, ಹತ್ತು ವರ್ಷದ ಹಿಂದೆ ನಾನೂ ಹೇಳುತ್ತಿದ್ದೆ. ಅದಕ್ಕೇ ಜಗಳಕ್ಕೆ ನಿಂತಿದ್ದೇನೆ.

ಮೊದಲನೆಯದು ಸೊಳ್ಳೆ. ಮಳೆಗಾಲದ ಹೊಂಡದಲ್ಲಿ ಸೊಳ್ಳೆ ಹುಟ್ಟುವುದೇ ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೆಚ್ಚಿನ ತವರು ಯಾವುದು ಗೊತ್ತೇ? ನಮ್ಮ ಹಿತ್ತಿಲ ಪ್ಲಾಸ್ಟಿಕ್ ಡ್ರಮ್ಮು, ಮುಚ್ಚಳವಿಲ್ಲದ ಸಿಮೆಂಟಿನ ತೊಟ್ಟಿ, ಮಾಳಿಗೆಯ ಮೇಲೆ ಎಸೆದ ಟೈರು, ಕೂಲರಿನ ನೀರು, ತೆಂಗಿನ ಚಿಪ್ಪು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಬ್ಯಾಟರಿ ಬಿಟ್ಟು ನೋಡುವುದು ಇವನ್ನೇ. ಅಲ್ಲಿ ಸೊಳ್ಳೆಮರಿಯನ್ನು ತಿನ್ನುವವರು ಯಾರೂ ಇಲ್ಲ. ಮಣ್ಣಿನ ಹೊಂಡದಲ್ಲಿ ಇದ್ದಾರೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುತ್ತಾರಲ್ಲ, ಅದರ ಮರಿ ನೀರಿನೊಳಗೇ ಬೆಳೆಯುವುದು, ಸೊಳ್ಳೆಮರಿ ಅದರ ಊಟ. ಹೊಂಡ ಮುಚ್ಚಿದವರ ಮನೆಯ ಡ್ರಮ್ಮಿಗೆ ಮುಚ್ಚಳವಿತ್ತೇ ಎಂದು ನಾನು ನೋಡಲು ಹೋಗಲಿಲ್ಲ. ನಮ್ಮ ಮನೆಯದಕ್ಕೆ ಇರಲಿಲ್ಲ.

ಎರಡನೆಯದು ಮಕ್ಕಳ ಜೀವ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ತಾಯಿಯಾದವಳು ತೆಗೆದುಕೊಳ್ಳಲಾರಳು. ಕೃಷಿಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ಪೇಪರಿನಲ್ಲಿ ಓದಿ ಎಷ್ಟು ಸಲ ಚಹಾ ಆರಿಸಿಕೊಂಡಿಲ್ಲ ನಾವು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲದಲ್ಲಿ ಹೊಂಡಗಳಾದವು. ರೈತರಿಗೆ ಅವು ಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ಅವುಗಳಲ್ಲಿ ಕೊಲ್ಲುವುದು ಬರೀ ನೀರಲ್ಲ, ದಂಡೆ. ಕಡಿದಾದ ಗೋಡೆ, ಮೇಲೆ ಜಾರುವ ಪ್ಲಾಸ್ಟಿಕ್ ಹಾಳೆ. ಕೂಸು ಜಾರಿದರೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ನಾಯಿ, ನರಿ, ಚಿಗರಿ ಬಿದ್ದರೂ ಅದೇ ಗತಿ. ನಾನು ಹೇಳುವ ತಗ್ಗು ಊಟದ ತಟ್ಟೆಯ ಹಾಗೆ. ಅಂಚಿನಿಂದ ನಡುವಿಗೆ ನಿಧಾನ ಇಳಿಜಾರು, ನಡುವೆ ಮೊಣಕಾಲುದ್ದ. ಇಳಿದ ಪ್ರಾಣಿ ನಡೆದೇ ಹೊರಗೆ ಬರಬೇಕು. ಹಾಗಿದ್ದರೂ ಸಣ್ಣ ಮಕ್ಕಳಿರುವ ಕಡೆ ಬೇಲಿ ಬೇಕು, ದೊಡ್ಡವರ ಕಣ್ಣು ಬೇಕು. ಶಾಲೆಯಲ್ಲಿ ಬೇಲಿ ಹಾಕಿಸದೆ ತರಬೇತಿಗೆ ಹೋದದ್ದು ನನ್ನ ತಪ್ಪು.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ, ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು. ನಮ್ಮ ಶಾಲೆಯ ಅಡಿಗೆಯ ಯಲ್ಲವ್ವ ಕೇಳಿದಳು: “ಅಕ್ಕೋರ, ಸಂಕ್ರಾಂತಿಗೆ ಒಣಗಿ ಹೋಗೂ ನೀರಿಗೆ ಯಾಕ ಇಷ್ಟು ಮೈ ಮುರೀತೀರಿ?” ಒಣಗುವ ಹೊಂಡ ಹೊಂಡವೇ ಅಲ್ಲ ಎಂಬುದು ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ಸರ್ಕಾರದ ತಲೆಯಲ್ಲೂ ಹಾಗೇ. 2022ರಲ್ಲಿ ಅಮೃತ ಸರೋವರ ಎಂದು ಜಿಲ್ಲೆಗೆ 75 ಕೆರೆಗಳ ಯೋಜನೆ ಬಂತು. ಒಂದೊಂದೂ ಕಡಿಮೆಯೆಂದರೆ ಒಂದು ಎಕರೆ, 10,000 ಘನ ಮೀಟರ್ ನೀರು. ಒಳ್ಳೆಯದೇ. ಆದರೆ ನನ್ನ ಏಳು ಹೆಜ್ಜೆಯ ತಗ್ಗು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕಪ್ಪೆಯ ಲೆಕ್ಕಕ್ಕೆ ಬರುತ್ತದೆ. ವರ್ಷವಿಡೀ ನೀರಿರುವ ಕೆರೆಯಲ್ಲಿ ಮೀನಿದೆ. ಮೀನಿಗೆ ಕಪ್ಪೆಯ ಮೊಟ್ಟೆಯೂ ಆಹಾರ, ಗೊದಮೊಟ್ಟೆಯೂ ಆಹಾರ. ಒಣಗುವ ಹೊಂಡದಲ್ಲಿ ಮೀನು ಬದುಕುವುದಿಲ್ಲ. ಅದಕ್ಕೇ ನಮ್ಮ ಬಯಲುಸೀಮೆಯ ಎಷ್ಟೋ ಜಾತಿಯ ಕಪ್ಪೆಗಳು ಹೆರಿಗೆಗೆ ಹುಡುಕಿಕೊಂಡು ಹೋಗುವುದು ಒಣಗುವ ನೀರನ್ನೇ. ಬೇಸಿಗೆಯೆಲ್ಲ ಮಣ್ಣಿನೊಳಗೆ ಹುದುಗಿ ಕೂತಿದ್ದು, ಮೊದಲ ದೊಡ್ಡ ಮಳೆಯ ರಾತ್ರಿ ಎದ್ದು ಬಂದು, ತಿಂಗಳು ಒಂದೂವರೆ ತಿಂಗಳಲ್ಲಿ ಮರಿಗಳನ್ನು ದಡ ಹತ್ತಿಸಬೇಕು. ಒಣಗುವುದು ಆ ಹೊಂಡದ ಕೊರತೆಯಲ್ಲ, ಅದರ ಗುಣ. ಸೊಳ್ಳೆ ತಿನ್ನಲೆಂದು ತಂದು ಬಿಡುವ ಗಪ್ಪಿ, ಗಂಬೂಸಿಯಾ ಮೀನುಗಳನ್ನು ಇಂಥ ತಗ್ಗಿಗೆ ಬಿಡಬೇಡಿ ಎಂದು ನಾನು ಕೈಮುಗಿಯುವುದೂ ಇದೇ ಕಾರಣಕ್ಕೆ. ಕಪ್ಪೆಯಿಂದ ನಮಗೇನು ಎನ್ನುವವರಿಗೆ ಒಂದು ಮಾತು. ಒಂದು ಕಾಲಕ್ಕೆ ನಮ್ಮ ದೇಶ ಕಪ್ಪೆಯ ಕಾಲುಗಳನ್ನು ಟನ್ನುಗಟ್ಟಲೆ ಪರದೇಶಕ್ಕೆ ಮಾರುತ್ತಿತ್ತು. ಗದ್ದೆಯಲ್ಲಿ ಹುಳ ತಿನ್ನುವವರೇ ಇಲ್ಲವಾಗುತ್ತಾರೆಂದು 1987ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು.

1987 ಎಂದಾಗ ನಮ್ಮ ಜಿಲ್ಲೆಯ ಇನ್ನೊಂದು ನೆನಪು. ಆ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವೆಂದು ಹೆಸರಾಯಿತು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮುಂದೆ ನಿಂತಿದ್ದರು. ನಾನಾಗ ಕಾಲೇಜು ಹುಡುಗಿ, ಮನೆಯಲ್ಲಿ ಹೋಗಗೊಡಲಿಲ್ಲ, ಪೇಪರಿನಲ್ಲಿ ಓದಿದೆ. ಆದರೆ ನಮ್ಮೂರ ಪಕ್ಕದಲ್ಲೇ ನೀಲಗಿರಿ ಹಾಗೇ ಉಳಿಯಿತು. 1974ರಲ್ಲಿ ಚಿಗರಿಗಳಿಗಾಗಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯ 119 ಚದರ ಕಿಲೋಮೀಟರ್. ಅದರ ದೊಡ್ಡ ಭಾಗ ನೀಲಗಿರಿ ತೋಪು. ಚಿಗರಿ ಬಯಲಿನ ಪ್ರಾಣಿ, ಎರೆಭೂತ ಹುಲ್ಲುಗಾವಲಿನ ಹಕ್ಕಿ. ಇಬ್ಬರಿಗೂ ಬೇಕಾದದ್ದು ಹುಲ್ಲು, ನಾವು ಕೊಟ್ಟದ್ದು ಕಾಗದಕ್ಕೆ ಬರುವ ಮರ. ಎರೆಭೂತ ಇಲ್ಲಿ ಕಣ್ಣಿಗೆ ಬಿದ್ದು ಬಹಳ ಕಾಲವಾಯಿತು. ಚಿಗರಿ ಉಳಿದಿದೆ, ರೈತರ ಗೋವಿನಜೋಳ ತಿಂದು ಬೈಸಿಕೊಳ್ಳುತ್ತ ಉಳಿದಿದೆ.

ಅಭಯಾರಣ್ಯದೊಳಗೆ ಹೋಗಿ ಗುದ್ದಲಿ ಹಾಕಲು ನಮಗೆ ಅಧಿಕಾರವಿಲ್ಲ, ಹಾಕಲೂ ಬಾರದು. ಅದು ಅರಣ್ಯ ಇಲಾಖೆಯ ಕೆಲಸ. ನಮ್ಮ ಕೆಲಸ ನಮ್ಮ ಹೊಲದ ಬದುವಿನಲ್ಲಿದೆ, ಶಾಲೆಯ ಹಿಂದಿದೆ, ಬಡಾವಣೆಯ ಖಾಲಿ ಮೂಲೆಯಲ್ಲಿದೆ.

ಇದು ಆಗುವ ಮಾತೇ ಎನ್ನುವವರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಲ್ಮನೆ ಕಾಮೇಗೌಡರನ್ನು ನೆನೆಯಬೇಕು. ಕುರಿ ಕಾಯುವವರು. ಕುಂದಿನಿಬೆಟ್ಟದಲ್ಲಿ ಕುರಿ ಮೇಯಿಸುವಾಗ ಹಕ್ಕಿಗೂ ಪ್ರಾಣಿಗೂ ಕುಡಿಯಲು ನೀರಿಲ್ಲವೆಂದು ಕಂಡು, ಕೋಲಿನಿಂದ ಕೆದಕಲು ಶುರು ಮಾಡಿದರು. ಕೋಲಿನಿಂದ ಆಗದೆಂದು ತಿಳಿದಾಗ ಕುರಿ ಮಾರಿ ಹತಾರ ಕೊಂಡರು. ಬಂದ ಪ್ರಶಸ್ತಿಯ ಹಣವನ್ನೂ ಕಟ್ಟೆಗೇ ಸುರಿದರು. 2020ರ ಜೂನ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅವರ 16 ಕಟ್ಟೆಗಳ ಹೆಸರು ಎತ್ತಿದಾಗ ದೇಶಕ್ಕೆಲ್ಲ ಗೊತ್ತಾಯಿತು. 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಾವೇನು ಮಾಡಿದೆವು? ಅವರ ಫೋಟೋವನ್ನು ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿ ಕೈಮುಗಿದ ಚಿತ್ರ ಹಾಕಿದೆವು. ಕಾಮೇಗೌಡರು ಕೈಮುಗಿಸಿಕೊಳ್ಳಲು ತೋಡಿದವರಲ್ಲ. ಅವರನ್ನು ಮಹಾತ್ಮರನ್ನಾಗಿ ಮಾಡಿದರೆ ನಮಗೊಂದು ಅನುಕೂಲವಿದೆ, ನಾವು ಸಲಿಕೆ ಹಿಡಿಯಬೇಕಾಗಿಲ್ಲ.

ಜೂನ್ 5ರ ಪರಿಸರ ದಿನಕ್ಕೂ ಇದೇ ಗತಿ. ಒಂದು ಸಸಿ, ಹದಿನಾಲ್ಕು ಕೈ, ಒಂದು ಫೋಟೋ. ಕಳೆದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ. ಆ ಗುಂಡಿಯನ್ನು ಹಾಗೇ ಬಿಟ್ಟಿದ್ದರೂ ನಾಲ್ಕು ಕಪ್ಪೆ ಬದುಕುತ್ತಿದ್ದವು.

ಶಾಲೆಯಲ್ಲಿ ಸೋತ ಮೇಲೆ ನಾನು ತವರಿನ ಕಡೆ ಹೋದೆ. ನನ್ನ ತಮ್ಮನ ಹೊಲ ಅಭಯಾರಣ್ಯದ ಕಡೆಗಿದೆ. ಅವನು ಮೊದಲೇ ಕೈ ಅಡ್ಡ ಹಿಡಿದ. “ಅಕ್ಕಾ, ನೀರು ಇಟ್ಟು ಚಿಗರಿ ಕರದ್ರ ನನ್ನ ಗೋವಿನಜ್ವಾಳ ಯಾರು ಕಾಯಬೇಕು?” ನ್ಯಾಯವಾದ ಪ್ರಶ್ನೆ. ಚಿಗರಿ ಬರುವುದು ಮಳೆಗಾಲದಲ್ಲಿ ನೀರಿಗಲ್ಲ, ಬೆಳೆಗೆ. ಆಗ ನೀರು ಎಲ್ಲೆಲ್ಲೂ ಇರುತ್ತದೆ, ನನ್ನ ತಗ್ಗು ಒಣಗುವ ಹೊತ್ತಿಗೆ ಜೋಳ ಮನೆಗೆ ಬಂದಿರುತ್ತದೆ ಎಂದೆ. ಪೂರ್ತಿ ಒಪ್ಪಲಿಲ್ಲ. ಬೆಳೆಯಿಂದ ದೂರ, ಉಳುಮೆಗೆ ಬಾರದ ತಗ್ಗುಮೂಲೆಯಲ್ಲಿ ಮಾಡಿಕೋ ಎಂದ. ಅದೇ ಸರಿಯಾದ ಜಾಗವಾಗಿತ್ತು. ನೀರು ತಾನಾಗಿ ಹರಿದು ಬರುವ ಕಡೆ, ಅಡಿಯಲ್ಲಿ ಎರೆಮಣ್ಣು. ಎರಡು ಭಾನುವಾರ, ನಾನು, ನಾದಿನಿ, ಅವಳ ಇಬ್ಬರು ಮಕ್ಕಳು. ತೆಗೆದ ಮಣ್ಣನ್ನು ಇಳಿಜಾರಿನ ಕೆಳಗೆ ಒಡ್ಡಿನಂತೆ ಹಾಕಿದೆವು, ಹೆಚ್ಚಾದ ನೀರು ಹೋಗಲು ಒಂದು ಕಡೆ ಕಲ್ಲು ಜೋಡಿಸಿ ದಾರಿ ಬಿಟ್ಟೆವು. ತಳದ ಮಣ್ಣನ್ನು ಒದ್ದೆ ಮಾಡಿ ತುಳಿಯಬೇಕು, ಇಲ್ಲದಿದ್ದರೆ ನೀರು ಇಂಗಿ ಹೋಗುತ್ತದೆ. ಎತ್ತು ಇಲ್ಲ, ಟ್ರ್ಯಾಕ್ಟರ್ ಬೇಡವೆಂದೆ, ಮಕ್ಕಳೇ ಕುಣಿದರು. ಜೆಸಿಬಿಯಲ್ಲಿ ಅರ್ಧ ತಾಸಿನ ಕೆಲಸವೆಂದು ತಮ್ಮ ನಕ್ಕ. ಜೆಸಿಬಿಗೆ ತಟ್ಟೆ ಮಾಡಲು ಬರುವುದಿಲ್ಲ, ಬಾವಿ ಮಾಡಲು ಬರುತ್ತದೆ ಎಂದು ನಾದಿನಿಯೇ ಉತ್ತರ ಕೊಟ್ಟಳು. ಬೋರಿನ ನೀರನ್ನು ಒಂದು ಕೊಡವೂ ಹಾಕಲಿಲ್ಲ.

ನನ್ನ ಸೊಂಟ ಒಂದು ವಾರ ಮಾತಾಡಿತು. ಅದನ್ನು ಕಂಡು ಗೆಳತಿಯೊಬ್ಬಳು, ಈ ವಯಸ್ಸಿನಲ್ಲಿ, ಮೇಷ್ಟ್ರ ಹೆಂಡತಿ, ಸ್ವತಃ ಟೀಚರು, ಬುಟ್ಟಿ ಹೊರುವುದೇ ಎಂದಳು. ಉದ್ಯೋಗ ಖಾತ್ರಿಯಲ್ಲಿ ಬದು, ಹೊಂಡ ತೋಡುವ ಸಾಲಿನಲ್ಲಿ ಹೆಂಗಸರೇ ತುಂಬಿರುತ್ತಾರೆ. ಅವರು ಹೊತ್ತರೆ ಅದು ಕೂಲಿ, ನಾವು ಹೊತ್ತರೆ ಮರ್ಯಾದೆ ಹೋಗುವುದು. ತೂಕ ಇಳಿಸಲು ದುಡ್ಡು ಕೊಟ್ಟು ಕಬ್ಬಿಣ ಎತ್ತುವುದಕ್ಕೆ ಮಾತ್ರ ಮರ್ಯಾದೆಯಿದೆ. ಆ ಗೆಳತಿ ಇದನ್ನು ಓದುತ್ತಾಳೆ, ಓದಲಿ.

ತೋಡಿದ ವರ್ಷ ಜೂನ್ ಎರಡನೇ ವಾರ ಮಳೆ ಜೋರಾಗಿ ಬಂತು. ರಾತ್ರಿ ಹನ್ನೊಂದರ ಮೇಲೆ ಫೋನು. ಹೊತ್ತಲ್ಲದ ಹೊತ್ತಿನ ಫೋನೆಂದರೆ ನಮಗೆಲ್ಲ ಎದೆ ಧಸಕ್ಕೆನ್ನುತ್ತದೆ. ನಾದಿನಿ ಮಾತಾಡಲಿಲ್ಲ, ಫೋನನ್ನು ಕಿಟಕಿಯ ಹೊರಗೆ ಹಿಡಿದಿರಬೇಕು. ಮೂವತ್ತು ವರ್ಷದ ಹಿಂದೆ ನಮ್ಮ ಓಣಿಯಲ್ಲಿ ನಿದ್ದೆಗೆಡಿಸಿದ್ದ ಅದೇ ಗದ್ದಲ. ಆಮೇಲೆ ಅವಳ ದನಿ: “ಕೇಳ್ರಿ ವೈನಿ, ನಿಮ್ಮ ಬೀಗರು ಬಂದಾರ. ನಿಮ್ಮ ತಮ್ಮಗ ನಿದ್ದಿ ಹತ್ತವಲ್ದು, ಒಂದ ಸವನ ನಿಮ್ಮನ್ನ ಬೈಲಿಕ್ಕತ್ಯಾರ.”

ನಮ್ಮ ಪ್ಲಾಟು ಇನ್ನೂ ಖಾಲಿ ಇದೆ. ಮಗ ಮನೆ ಕಟ್ಟೋಣ ಎನ್ನುತ್ತಾನೆ. ಹಿಂದಿನ ಮೂಲೆಯ ಗರಸು ಎಷ್ಟು ಆಳಕ್ಕಿದೆ ಎಂದು ಬರುವ ಭಾನುವಾರ ಸಲಿಕೆ ಒಯ್ದು ನೋಡಬೇಕಾಗಿದೆ.