ಪಿಯಾನೊ ಮೊದಲ ವಾರವೇ ಬರಲಿ

ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುವ ಮಕ್ಕಳಿಗೆ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆ ಹತ್ತಿರ ಬಂತೆಂದರೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: “ಪೀಸ್ ಮೊದಲು ಪಕ್ಕಾ ಆಗಲಿ, ಆಮೇಲೆ ಪಿಯಾನೊ ಜೊತೆ ಕೂರಿಸೋಣ.” ಹೇಳುವವರು ಅನುಭವಿ ಶಿಕ್ಷಕರು, ಮಗುವಿನ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ. ಬೆರಳು ಇನ್ನೂ ತಡವರಿಸುವಾಗ ಹೊಸಬರೆದುರು ಮಗು ಮುದುಡಿಕೊಳ್ಳದಿರಲಿ, ಗಂಟೆಗಿಷ್ಟು ಎಂದು ಕೊಡುವ ದುಡ್ಡು ತಿದ್ದುವುದರಲ್ಲೇ ಕರಗದಿರಲಿ ಎಂಬ ಎಣಿಕೆ ಅವರದು. ಪರೀಕ್ಷಕರು ಜೊತೆಗೆ ನುಡಿಸುವುದಿಲ್ಲ. ಪಿಟೀಲು, ಫ್ಲೂಟ್, ಗಾಯನದ ವಿದ್ಯಾರ್ಥಿ ತನ್ನ ಅಕಂಪನಿಸ್ಟನ್ನು ತಾನೇ ಕರೆದುಕೊಂಡು ಹೋಗಬೇಕು. ಹಾಗಾಗಿ ಪಿಯಾನೊ ನುಡಿಸುವವರು ಕೊನೆಯ ವಾರ ಬರುತ್ತಾರೆ, ಒಂದೆರಡು ಸಲ ಕೂಡಿ ನುಡಿಸುತ್ತಾರೆ, ಪರೀಕ್ಷೆ ಮುಗಿದುಹೋಗುತ್ತದೆ.

ಈ ಕ್ರಮವೇ ತಲೆಕೆಳಗಾಗಿದೆ ಎಂದು ನನಗೆ ಅನ್ನಿಸುತ್ತದೆ. ಪಿಯಾನೊ ಇಲ್ಲದೆ ಮಗು ಪಕ್ಕಾ ಮಾಡಿಕೊಳ್ಳುವುದು ಆ ರಚನೆಯ ಒಂದು ಸಾಲನ್ನು ಮಾತ್ರ. ಉಳಿದ ಸಂಗೀತ ಅದಕ್ಕೆ ಪರೀಕ್ಷೆಯ ವಾರದಲ್ಲಿ ಮೊದಲ ಬಾರಿಗೆ ಕೇಳಿಸುತ್ತದೆ.

ನಮ್ಮಲ್ಲಿ ಈ ಅಭ್ಯಾಸ ಇಷ್ಟು ಸಹಜವಾಗಿ ಬೇರೂರಲು ಕರ್ನಾಟಕ ಸಂಗೀತದ ಕಛೇರಿಯೂ ಒಂದು ಕಾರಣವಿರಬಹುದು. ಪಕ್ಕವಾದ್ಯದವರು ಎಷ್ಟೋ ಸಲ ರಿಹರ್ಸಲ್ ಇಲ್ಲದೆಯೇ ನೇರ ವೇದಿಕೆಗೆ ಬರುತ್ತಾರೆ. ಗಾಯಕರು ಎತ್ತಿಕೊಂಡ ಕೃತಿಯನ್ನು ಪಿಟೀಲಿನವರು ನೆರಳಿನಂತೆ ಹಿಂಬಾಲಿಸುತ್ತಾರೆ, ಸ್ವರಪ್ರಸ್ತಾರಕ್ಕೆ ಅಲ್ಲಲ್ಲೇ ಉತ್ತರ ಕೊಡುತ್ತಾರೆ. ಅದು ದೊಡ್ಡ ವಿದ್ಯೆ. ರಾಗ, ತಾಳ, ಕೃತಿಗಳ ಪಾಠ ಇಬ್ಬರಲ್ಲೂ ಇರುವುದರಿಂದ ಮತ್ತು ಮನೋಧರ್ಮಕ್ಕೆ ಅಲ್ಲಿ ಜಾಗವಿರುವುದರಿಂದ ಅದು ಸಾಧ್ಯ. ಶೂಬರ್ಟ್ ಅಥವಾ ಬೇಥೋವನ್ ಬರೆದ ಪಿಯಾನೊ ಭಾಗ ಹಾಗೆ ಹಿಂಬಾಲಿಸುವ ಸಂಗೀತವಲ್ಲ. ಪ್ರತಿ ಸ್ವರವೂ ಕಾಗದದ ಮೇಲಿದೆ. ಬಹಳ ಸಲ ಅದು ಹೇಳುವುದು ಪಿಟೀಲು ಹೇಳದ ವಿಷಯವನ್ನು.

ಅದೇ ಕರ್ನಾಟಕ ಸಂಗೀತದ ಪಾಠವನ್ನು ನೋಡಿ. ಸರಳೆ ವರಸೆಯ ಮೊದಲ ದಿನವೇ ತಂಬೂರಿ ಅಥವಾ ಶ್ರುತಿಪೆಟ್ಟಿಗೆ ಪಕ್ಕದಲ್ಲಿರುತ್ತದೆ. ವರ್ಣ ಪಕ್ಕಾ ಆಗಲಿ, ಆಮೇಲೆ ಶ್ರುತಿ ಹಾಕೋಣ ಎಂದು ಯಾವ ಗುರುಗಳೂ ಹೇಳುವುದಿಲ್ಲ. ಶ್ರುತಿಯಿಲ್ಲದೆ ಕಲಿತ ಸ್ವರವನ್ನು ಆಮೇಲೆ ಕಿತ್ತು ನೆಡುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತು. ಪಿಟೀಲಿನಲ್ಲಿ ಸ್ವರಸ್ಥಾನಕ್ಕೆ ಮೆಟ್ಟಿಲುಗಳಿಲ್ಲ. ಒಂಟಿಯಾಗಿ ವಾರಗಟ್ಟಲೆ ಅಭ್ಯಾಸ ಮಾಡಿದ ಮಗುವಿಗೆ ತನ್ನ ಬೆರಳು ಕೂರುವ ಜಾಗವೇ ಸರಿಯೆನಿಸುತ್ತದೆ. ಕೊನೆಯ ವಾರ ಪಿಯಾನೊದ ಕಾರ್ಡ್ ಕೆಳಗೆ ಬಂದಾಗ ಎಫ್ ಶಾರ್ಪ್ ಅಪಸ್ವರ, ಮಗುವಿಗೆ ಗಾಬರಿ. ಆ ತಪ್ಪನ್ನು ಮೊದಲ ವಾರದಲ್ಲಾದರೆ ಕಿವಿ ತಾನೇ ಸರಿಮಾಡಿಕೊಳ್ಳುತ್ತಿತ್ತು.

ಬೇಥೋವನ್ ಅವರ ‘ಸ್ಪ್ರಿಂಗ್’ ಸೊನಾಟವನ್ನೇ ತೆಗೆದುಕೊಳ್ಳಿ. 1801ರಲ್ಲಿ ಅಚ್ಚಾದದ್ದು, ದೊಡ್ಡ ಗ್ರೇಡ್ ತಲುಪಿದ ಪಿಟೀಲು ವಿದ್ಯಾರ್ಥಿಗಳಿಗೆಲ್ಲ ಪ್ರಿಯವಾದದ್ದು. ಮೊದಲ ಹತ್ತು ಬಾರ್‌ಗಳಲ್ಲಿ ರಾಗ ಪಿಟೀಲಿನದು; ಪಿಯಾನೊ ಕೆಳಗೆ ಹರಿಯುತ್ತಿರುತ್ತದೆ. ಹನ್ನೊಂದನೆಯ ಬಾರ್‌ನಲ್ಲಿ ಪಾತ್ರ ಅದಲುಬದಲಾಗುತ್ತದೆ: ಪಿಯಾನೊ ಅದೇ ರಾಗವನ್ನು ಎತ್ತಿಕೊಳ್ಳುತ್ತದೆ, ಪಿಟೀಲು ಅದರ ಕೆಳಗೆ ಸಣ್ಣ ಸಣ್ಣ ಸ್ವರಗಳಲ್ಲಿ ಸಾಥ್ ಕೊಡುತ್ತದೆ. ಒಂಟಿಯಾಗಿ ಕಲಿತ ವಿದ್ಯಾರ್ಥಿ ಆ ಸಣ್ಣ ಸ್ವರಗಳನ್ನೂ ರಾಗವೆಂದೇ ತಿಳಿದು ಪೂರ್ತಿ ಬಿಲ್ಲೆಳೆದು ಜೋರಾಗಿ ನುಡಿಸುತ್ತಾನೆ. ಅವನ ತಪ್ಪೇನೂ ಇಲ್ಲ. ಅವನ ಪುಟದಲ್ಲಿರುವುದು ಅಷ್ಟೇ, ಅವನು ಕೇಳಿರುವುದೂ ಅಷ್ಟೇ. ‘ಮೆಲ್ಲಗೆ ನುಡಿಸು’ ಎಂದು ಟೀಚರ್ ಪೆನ್ಸಿಲಿನಲ್ಲಿ ಬರೆದುಕೊಟ್ಟರೆ ಮೆಲ್ಲಗೆ ನುಡಿಸುತ್ತಾನೆ. ಯಾರಿಗೆ ದಾರಿ ಬಿಡುತ್ತಿದ್ದೇನೆ ಎಂದು ಮಾತ್ರ ತಿಳಿದಿರುವುದಿಲ್ಲ. ಆ ಸೊನಾಟದ ಮುಖಪುಟದಲ್ಲಿ ಪಿಯಾನೊದ ಹೆಸರೇ ಮೊದಲು, ಪಿಟೀಲಿನದು ಆಮೇಲೆ.

ಗಾಯನದಲ್ಲಿ ಇದು ಇನ್ನೂ ಸ್ಪಷ್ಟ. ಶೂಬರ್ಟ್ 1814ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಗಯಟೆಯ ‘ಫೌಸ್ಟ್’ ನಾಟಕದ ಗ್ರೆಚೆನ್ ರಾಟೆಯ ಮುಂದೆ ಕೂತು ಹಾಡುವ ಪದ್ಯಕ್ಕೆ ಸಂಗೀತ ಕೊಟ್ಟರು. ರಾಟೆ ತಿರುಗುವುದು ಪಿಯಾನೊದ ಬಲಗೈಯಲ್ಲಿ. ಪ್ರಿಯಕರನ ಮುತ್ತಿನ ನೆನಪು ಬರುವಲ್ಲಿ ರಾಟೆ ನಿಂತೇಬಿಡುತ್ತದೆ. ಆಮೇಲೆ ಪಿಯಾನೊ ಅದನ್ನು ತಿರುಗಿಸಲು ಯತ್ನಿಸಿ ತಡೆಯುತ್ತದೆ, ಮತ್ತೆ ಯತ್ನಿಸುತ್ತದೆ, ಕೊನೆಗೆ ಓಟ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಗಾಯಕಿ ಏನೂ ಹಾಡುವುದಿಲ್ಲ, ಆದರೆ ಹಾಡಿನ ಎದೆ ಇರುವುದೇ ಅಲ್ಲಿ. ತನ್ನ ಸಾಲನ್ನಷ್ಟೇ ಕಲಿತ ಹುಡುಗಿಗೆ ಅದು ಎಣಿಸಿ ಕಳೆಯಬೇಕಾದ ರೆಸ್ಟ್. ಪಿಯಾನೊದ ಜೊತೆ ಬೆಳೆದವಳು ಆ ತಡವರಿಕೆಯ ಮೇಲೆಯೇ ಉಸಿರು ತೆಗೆದುಕೊಳ್ಳುತ್ತಾಳೆ.

ಇನ್ನೊಂದು ನಂಬಿಕೆಯನ್ನೂ ಪ್ರಶ್ನಿಸಬೇಕು. ಒಳ್ಳೆಯ ಅಕಂಪನಿಸ್ಟ್ ಎಂದರೆ ಮಗು ಎಲ್ಲಿ ಹೋದರೂ ಹಿಂದೆ ಓಡಿಹೋಗಿ ಹಿಡಿಯುವವರು ಎಂಬುದು ಎಲ್ಲರ ಒಪ್ಪಿತ ಮಾತು. ಎರಡು ಬಾರ್ ಹಾರಿದರೆ ತಾವೂ ಹಾರಬೇಕು, ಮಗು ನಿಂತರೆ ತಾವೂ ನಿಲ್ಲಬೇಕು. ಪರೀಕ್ಷೆಯ ಕೋಣೆಯಲ್ಲಿ ಇದು ಸರಿಯೇ, ಅಲ್ಲಿ ಮಗುವನ್ನು ಕಾಪಾಡುವುದೇ ಧರ್ಮ. ಅಭ್ಯಾಸದಲ್ಲಿ ಪ್ರತಿ ಸಲವೂ ಹೀಗೆ ಕಾಪಾಡುತ್ತ ಹೋದರೆ ಮಗುವಿಗೆ ಪಿಯಾನೊವನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಹೇಗಿದ್ದರೂ ಹಿಂದೆ ಬರುತ್ತಾರಲ್ಲ! ಪಿಯಾನೊದ ಬಾಸ್ ತನ್ನ ನಡೆ ಬಿಡದೆ ಹೋಗಲಿ. ಮಗು ದಾರಿ ತಪ್ಪಿದ್ದನ್ನು ತಾನೇ ಕೇಳಿಸಿಕೊಂಡು, ತಾನೇ ಮರಳಿ ಸೇರಿಕೊಳ್ಳಲಿ. ಈ ಕೆಲಸಕ್ಕೆ ತಿಂಗಳುಗಳು ಬೇಕು. ಕೊನೆಯ ವಾರದಲ್ಲಿ ಬರುವವರಿಗೆ ಕಾಪಾಡುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

“ಮೇಡಂ, ಸ್ವಲ್ಪ ಮೆಲ್ಲಗೆ ನುಡಿಸ್ತೀರಾ? ಮಗಳದ್ದು ಕೇಳಿಸ್ತಿಲ್ಲ” ಎನ್ನುವ ತಂದೆತಾಯಂದಿರ ಕಳಕಳಿಯೂ ನನಗೆ ಅರ್ಥವಾಗುತ್ತದೆ. ಇಂಗ್ಲೆಂಡಿನ ಜೆರಾಲ್ಡ್ ಮೂರ್ ಜೀವನವಿಡೀ ಗಾಯಕರ ಜೊತೆ ನುಡಿಸಿದವರು. 1962ರಲ್ಲಿ ಬಂದ ಆತ್ಮಕಥೆಗೆ ಅವರಿಟ್ಟ ಹೆಸರೇ ‘ನಾನು ತುಂಬಾ ಜೋರಾದೆನೇ?’ ಎಂಬ ಅರ್ಥದ್ದು. ಸಾಥ್ ಕೊಡುವವರನ್ನು ಈ ಪ್ರಶ್ನೆ ಕಾಡುತ್ತಲೇ ಇರುತ್ತದೆ. ನಮ್ಮ ಮೈಸೂರಿನ ಟಿ. ಚೌಡಯ್ಯನವರ ಕಷ್ಟ ಇದರ ತದ್ವಿರುದ್ಧ. ಮೈಕಿಲ್ಲದ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳಿಸದೆ ಹೋದಾಗ ಅವರು ಏಳು ತಂತಿಯ ಪಿಟೀಲು ರೂಪಿಸಿಕೊಂಡರು. ಪಕ್ಕವಾದ್ಯ ಕೇಳಿಸಲೇಬೇಕು ಎಂಬ ಆ ಹಟ ನನಗೆ ಬಹಳ ಇಷ್ಟ. ಪಿಯಾನೊದ ಮುಚ್ಚಳ ಹಾಕಿಸಿ, ಎಡಗೈಯನ್ನು ಅಡಗಿಸಿಬಿಟ್ಟರೆ ಪಿಟೀಲು ನಿಲ್ಲುವ ನೆಲವೇ ಹೋಗುತ್ತದೆ.

ಪಿಯಾನೊ ಹಾಡಿನ ಬೆನ್ನ ಹಿಂದೆ ನಿಲ್ಲುವುದಿಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿಯೊಂದು ಉಳಿದುಬಂದಿರುವುದು ಮೈಸೂರಿನ ದುಡ್ಡಿನಿಂದ. ಸ್ವತಃ ಪಿಯಾನೊ ಕಲಿತಿದ್ದ ಜಯಚಾಮರಾಜ ಒಡೆಯರ್, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. 1951ರಲ್ಲಿ ತೀರಿಕೊಳ್ಳುವ ಮುನ್ನ, ಆರೋಗ್ಯ ಕೆಟ್ಟಿದ್ದಾಗಲೂ, ಮೆಟ್ನರ್ ತಮ್ಮ ಹಾಡುಗಳಿಗೆ ತಾವೇ ಪಿಯಾನೊ ನುಡಿಸಿದರು. ಹಾಡಿದವರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಒಬ್ಬರು. ಅದನ್ನು ಕೇಳಿದರೆ, ಬರೆದವರ ಮನಸ್ಸಿನಲ್ಲಿ ಆ ಎರಡು ಭಾಗಗಳು ಒಟ್ಟಿಗೇ ಹುಟ್ಟಿದ್ದವು ಎಂಬುದರಲ್ಲಿ ನನಗೆ ಸಂಶಯ ಉಳಿಯುವುದಿಲ್ಲ.

ರೆಕಾರ್ಡ್ ಮಾಡಿದ ಟ್ರ್ಯಾಕ್ ಇದೆಯಲ್ಲ ಎನ್ನಬಹುದು. 1950ರಲ್ಲಿ ಅಮೆರಿಕದಲ್ಲಿ ‘ಮ್ಯೂಸಿಕ್ ಮೈನಸ್ ಒನ್’ ರೆಕಾರ್ಡುಗಳು ಶುರುವಾದಾಗಿನಿಂದ ಈ ಸೌಕರ್ಯ ಇದೆ. ಈಗ ಮೊಬೈಲಿನಲ್ಲೇ ಸಿಗುತ್ತದೆ. ಒಂಟಿಯಾಗಿ ನುಡಿಸುವುದಕ್ಕಿಂತ ಎಷ್ಟೋ ವಾಸಿ. ರೆಸ್ಟ್ ಎಣಿಸಲು, ಹಾರ್ಮನಿಗೆ ಕಿವಿ ಒಗ್ಗಲು ಸಾಕು. ಆದರೆ ಟ್ರ್ಯಾಕ್ ಮಗುವಿನ ಮಾತು ಕೇಳುವುದಿಲ್ಲ. ಒಂದು ಸ್ವರದ ಮೇಲೆ ಮಗು ಕೊಂಚ ತಂಗಿದರೆ ಜೊತೆಗೆ ತಂಗುವ ಕೈ ಅಲ್ಲಿಲ್ಲ, ಹಾಗಾಗಿ ಮಗು ತಂಗುವುದನ್ನೇ ಬಿಟ್ಟುಬಿಡುತ್ತದೆ.

ಉಳಿದದ್ದು ದುಡ್ಡಿನ ಪ್ರಶ್ನೆ, ಅದು ನಿಜವಾದ ಪ್ರಶ್ನೆ. ನುರಿತ ಪಿಯಾನೊ ವಾದಕರು ಊರಿನಲ್ಲಿ ಕಡಿಮೆ, ತಿಂಗಳುಗಟ್ಟಲೆ ಅವರನ್ನು ಕರೆಸುವುದು ಎಲ್ಲ ಮನೆಗಳಿಗೂ ಆಗದು. ಆದರೆ ಬಹುತೇಕ ಶಾಲೆಗಳಲ್ಲಿ ಪಿಟೀಲಿನ ತರಗತಿಯ ಪಕ್ಕದ ಕೋಣೆಯಲ್ಲೇ ಪಿಯಾನೊ ತರಗತಿ ನಡೆಯುತ್ತಿರುತ್ತದೆ. ಐದು, ಆರನೆಯ ಗ್ರೇಡಿನ ಪಿಯಾನೊ ವಿದ್ಯಾರ್ಥಿಗೆ ಒಂದನೆಯ, ಎರಡನೆಯ ಗ್ರೇಡಿನ ಪಿಟೀಲು ಪೀಸಿನ ಪಿಯಾನೊ ಭಾಗ ಕೈಗೆಟುಕುವಂಥದ್ದೇ. ಅವರಿಗೂ ಇದು ಬೇಕು. ವರ್ಷಗಟ್ಟಲೆ ಒಬ್ಬರೇ ಕೂತು ನುಡಿಸುವ ಆ ಮಕ್ಕಳಿಗೆ ಇನ್ನೊಬ್ಬರ ಉಸಿರು ಕೇಳಿ ನುಡಿಸುವ ಅವಕಾಶ ಸಿಗುವುದೇ ಅಪರೂಪ. ಸಾಥ್ ಕೊಡುವುದು ಪ್ರತ್ಯೇಕ ಶಿಕ್ಷಣ ಬೇಕಾದ ವಿದ್ಯೆ ಎಂದು 1947ರಲ್ಲೇ ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗ್ವೆಂಡೊಲಿನ್ ಕೊಲ್ಡೋಫ್‌ಸ್ಕಿ ಇದಕ್ಕೊಂದು ಪದವಿ ಶಿಕ್ಷಣ ಆರಂಭಿಸಿದರು. ನಮ್ಮ ಶಾಲೆಗಳು ವಾರದಲ್ಲಿ ಅರ್ಧ ಗಂಟೆ ಎರಡೂ ತರಗತಿಗಳ ಬಾಗಿಲು ತೆರೆದಿಟ್ಟರೂ ಬಹಳಷ್ಟಾಗುತ್ತದೆ. ನುರಿತ ಪಿಯಾನೊ ವಾದಕರಿಗೆ ಮೂರು ಸಲದ ದುಡ್ಡಷ್ಟೇ ಕೊಡಲು ಸಾಧ್ಯವೆಂದರೆ, ಅಷ್ಟನ್ನೂ ಕೊನೆಯ ವಾರಕ್ಕೆ ಇಟ್ಟುಕೊಳ್ಳುವುದು ಬೇಡ: ಒಂದು ಸಲ ಹೊಸ ಪೀಸ್ ತೆರೆದ ವಾರದಲ್ಲೇ ಕರೆಸಿ ಮಗುವಿಗೆ ಪೂರ್ತಿ ರಚನೆಯನ್ನು ಕೇಳಿಸಲಿ, ಒಂದು ಸಲ ನಡುವೆ, ಇನ್ನೊಂದು ಪರೀಕ್ಷೆಯ ಮುನ್ನ.