ಫಲಕದ ಮೇಲಿನ ಎರಡು ದೇಶಗಳು

ಪರದೇಶದಲ್ಲಿ ನಾಲ್ಕು ದಿನ ಬ್ರೆಡ್ಡು, ಚೀಸು, ಸಲಾಡುಗಳಲ್ಲಿ ಕಳೆದ ಮೇಲೆ ಐದನೆಯ ದಿನ ಕನ್ನಡಿಗರಿಗೆ ನೆನಪಾಗುವುದು ಅನ್ನವೇ. ಕಳೆದ ವರ್ಷ ಪ್ಯಾರಿಸ್ಸಿಗೆ ಹೋಗಿದ್ದಾಗ ನಮ್ಮ ಗತಿಯೂ ಅದೇ ಆಯಿತು. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ಸ್ವಂತ ಖರ್ಚಿನ ವಿದೇಶ ಪ್ರವಾಸವೂ ಕಡತದಿಂದಲೇ ಆರಂಭವಾಗುತ್ತದೆ: ಇಲಾಖೆಯ ಅನುಮತಿ, ಹಣದ ಮೂಲದ ವಿವರ, ರಜೆಯ ಮಂಜೂರಾತಿ. ಅದನ್ನೆಲ್ಲ ದಾಟಿ ಹೋಗಿ, ಲೂವ್ರ್ ಸಂಗ್ರಹಾಲಯ ಸುತ್ತಿ ದಣಿದ ಸಂಜೆ ಮಗಳು, "ಇವತ್ತು ಅನ್ನ ಸಿಗದಿದ್ದರೆ ನಾಳೆ ಕೋಣೆ ಬಿಟ್ಟು ಬರುವುದಿಲ್ಲ" ಎಂದು ಮುಷ್ಕರ ಹೂಡಿದಳು.

ಹೀಗೆ ನಾವು ಮೂವರು ಪಸಾಜ್ ಬ್ರಾದಿ ಎಂಬ ಓಣಿಯನ್ನು ಹುಡುಕಿಕೊಂಡು ಹೋದೆವು. 1828ರಷ್ಟು ಹಳೆಯದಾದ, ಅರ್ಧ ಭಾಗಕ್ಕೆ ಗಾಜಿನ ಛಾವಣಿಯಿರುವ ಓಣಿ ಅದು. ಅಲ್ಲಿ ಊಟದ ಮನೆಗಳು, ಮಸಾಲೆಯ ಅಂಗಡಿಗಳು, ನಡುವೆ ಕ್ಷೌರದಂಗಡಿಗಳು. ಫಲಕಗಳ ಮೇಲೆ ಎರಡು ದೇಶಗಳ ಹೆಸರು ಜೊತೆಯಾಗಿತ್ತು: ಭಾರತೀಯ ಮತ್ತು ಪಾಕಿಸ್ತಾನಿ ಭೋಜನ. ದೆಹಲಿಯಲ್ಲಿ ಈ ಎರಡು ಹೆಸರುಗಳನ್ನು ಒಟ್ಟಿಗೆ ಓದಿ ನಮಗೆ ರೂಢಿಯಿಲ್ಲದಿಲ್ಲ. ಆದರೆ ಅಲ್ಲಿ ಅವುಗಳ ಬೆನ್ನಿಗೆ ಬರುವ ಪದ ಯುದ್ಧ, ಮಾತುಕತೆ, ಇಲ್ಲವೇ ಕ್ರಿಕೆಟ್. ಭೋಜನವೆಂಬ ಪದ ಬಂದದ್ದನ್ನು ಕಂಡು ಬಾಗಿಲಲ್ಲೇ ತುಸು ತಡೆದೆವು. ಹಸಿವು ಒಳಗೆ ನಡೆಸಿತು.

ಮಾಲೀಕರು ಗುಜ್ರಾನ್‌ವಾಲಾದವರು, ಐವತ್ತು ದಾಟಿದವರು. "ಆಯಿಯೇ ಭಾಯಿ ಸಾಹಬ್, ಭಾಭೀ ಜೀ" ಎಂದು ಕುರ್ಚಿ ಎಳೆದುಕೊಟ್ಟು ಊರು ವಿಚಾರಿಸಿದರು. ದೆಹಲಿಯೆಂದೆವು; ಮೂಲ ಕರ್ನಾಟಕವೆಂದೆವು. ಕರ್ನಾಟಕ ಅವರಿಗೆ ಹೊಳೆಯಲಿಲ್ಲ. ಬೆಂಗಳೂರೆಂದೊಡನೆ, "ಹಾಂ, ವೆಂಕಟೇಶ ಪ್ರಸಾದ್!" ಎಂದು ನಿಟ್ಟುಸಿರಿಟ್ಟರು. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದು, ಮರುಚೆಂಡಿನಲ್ಲೇ ಪ್ರಸಾದ್ ಅವರ ವಿಕೆಟ್ ಕಿತ್ತದ್ದು ನಮಗೆ ಎಷ್ಟು ಸಿಹಿಯೋ ಅವರಿಗೆ ಅಷ್ಟೇ ಕಹಿ. ಇಬ್ಬರೂ ನಕ್ಕೆವು.

ತಿನಿಸುಗಳ ಪಟ್ಟಿಯಲ್ಲಿ ಇದ್ದದ್ದು ಬಿರಿಯಾನಿ, ಬಟರ್ ಚಿಕನ್, ದಾಲ್, ಜೊತೆಗೆ ಫ್ರಾನ್ಸಿನ ಇಂಥ ಊಟದ ಮನೆಗಳಲ್ಲೆಲ್ಲ ಕಾಣುವ ಚೀಸ್ ನಾನ್. ಇದು ನಮ್ಮೂರಿನದೂ ಅಲ್ಲ, ಅವರೂರಿನದೂ ಅಲ್ಲ. ಮಗಳು ಅನ್ನಕ್ಕೆ ಸಾರು ಬೇಕೆಂದು ಮುಖ ಸಣ್ಣದು ಮಾಡಿದಳು. ಸಾರೆಂದರೇನೆಂದು ಮಾಲೀಕರು ಕೇಳಿದರು. ನಾವು ರಸಂ ಎಂದು ವಿವರಿಸಿದೆವು. ಅವರು ಒಳಗೆ ಕೂಗಿ ಹೇಳಿದರು. ಅಡುಗೆಮನೆಯವರು ತಮ್ಮ ಊಟಕ್ಕೆಂದು ಮಾಡಿಕೊಂಡಿದ್ದ ರಸವನ್ನು ಯಾಫ್ನಾದ ಯುವಕನೊಬ್ಬ ಬಟ್ಟಲಲ್ಲಿ ತಂದಿಟ್ಟ. ತಂದೂರಿನ ಮುಂದಿದ್ದವರು ಸಿಲ್ಹೆಟ್‌ನವರು. ಹಾಗಾಗಿ ಆ ರಾತ್ರಿ 'ಭಾರತೀಯ ಮತ್ತು ಪಾಕಿಸ್ತಾನಿ' ಮನೆಯೊಳಗೆ ಭಾರತದವರೆಂದರೆ ಊಟಕ್ಕೆ ಕುಳಿತ ನಾವು ಮಾತ್ರ. ನಮ್ಮ ನಾಲಿಗೆಗೆ ಹತ್ತಿರದ ರುಚಿ ಬಂದದ್ದು ಫಲಕದಲ್ಲಿ ಹೆಸರೇ ಇಲ್ಲದ ದೇಶದವನ ಕೈಯಿಂದ.

ಹಾಗಾದರೆ ಆ ಫಲಕ ಸುಳ್ಳೇ? ಹಿಂದಿರುಗಿದ ಮೇಲೆ ಈ ಪ್ರಸಂಗವನ್ನು ಹೇಳಿದಾಗ ಸ್ನೇಹಿತರೊಬ್ಬರು, "ನಮ್ಮ ಹೆಸರು ಹಾಕಿಕೊಂಡು ಅವರು ವ್ಯಾಪಾರ ಮಾಡುತ್ತಾರೆ, ನೀವು ಹೋಗಿ ಉಂಡು ಬರುತ್ತೀರಿ" ಎಂದರು. ಈ ಮಾತನ್ನು ನಾವು ಒಪ್ಪಲಾರೆವು. ಬಟರ್ ಚಿಕನ್ನಿನೊಂದಿಗೆ ಹೆಸರು ಬೆಸೆದುಕೊಂಡಿರುವ ದರಿಯಾಗಂಜಿನ ಮೋತಿ ಮಹಲ್, ವಿಭಜನೆಯ ನಂತರ ಪೇಶಾವರದಿಂದ ಬಂದವರು ತೆರೆದದ್ದು. ಆ ಖಾದ್ಯವನ್ನು ಕಂಡುಹಿಡಿದವರು ಯಾರೆಂಬ ವ್ಯಾಜ್ಯ 2024ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಬಾಸ್ಮತಿ ಯಾರದೆಂದು ಎರಡೂ ದೇಶಗಳು ಐರೋಪ್ಯ ಒಕ್ಕೂಟದ ಮುಂದೆ ವಾದಿಸುತ್ತಿವೆ. ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ನಾವು ಹೆಸರು ಕೇಳಿದ್ದ ದೀನ್ ಮಹೊಮೆತ್ ಪಟ್ನಾದವರು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದರು. ಅದೇ ಬ್ರಿಟನ್ನಿನಲ್ಲಿ ಮುಂದೆ 'ಇಂಡಿಯನ್' ಎಂಬ ಹೆಸರಿನಡಿ ಅಡುಗೆ ಮಾಡಿದವರಲ್ಲಿ ಬಹುಪಾಲು ಸಿಲ್ಹೆಟ್‌ನವರು. ಅಪರಿಚಿತ ಊರಿನಲ್ಲಿ ಅಂಗಡಿ ತೆರೆಯುವವನು ತನ್ನ ಊರಿನ ಹೆಸರನ್ನಲ್ಲ, ಗಿರಾಕಿಗೆ ಗೊತ್ತಿರುವ ಹೆಸರನ್ನು ಬರೆಯುತ್ತಾನೆ.

ಇದನ್ನು ಹೊರನಾಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಮಾಟುಂಗಾದಲ್ಲಿ 1940ರಿಂದ ನಡೆದಿರುವ ಕೆಫೆ ಮದ್ರಾಸ್ ಕರಾವಳಿಯ ಕಾಮತರದು. ಹೆಸರಿನಲ್ಲಿರುವುದು ಮದ್ರಾಸು. ಮದ್ರಾಸಿನಲ್ಲೇ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೃಷ್ಣರಾಯರು ನಮ್ಮ ದಕ್ಷಿಣ ಕನ್ನಡದವರು, ಹೆಸರು ಇಂಗ್ಲಿಷಿನದು. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಸಾಂಬಾರು ಸಿಹಿಯಾಯಿತು, ಪಟ್ಟಿಗೆ ಪಾವ್ ಭಾಜಿಯೂ ಚೀನೀ ನೂಡಲ್ಸೂ ಸೇರಿದವು. ಇದಕ್ಕೆ ಉಡುಪಿಯವರೇನೂ ಮೊಕದ್ದಮೆ ಹೂಡಲಿಲ್ಲ. ದೆಹಲಿಯಲ್ಲಿ ನಮ್ಮನ್ನು 'ಮದ್ರಾಸಿ' ಎಂದಾಗ ನೋಯುವ ನಾವೇ ಪ್ಯಾರಿಸ್ಸಿನ ಪಂಜಾಬಿಯನ್ನು ಹೆಸರು ಕದ್ದವನೆಂದು ದೂರಿದರೆ, ನಮ್ಮವರೇ ಹಿಡಿದ ದಾರಿಯನ್ನು ಮರೆತಂತಾಗುತ್ತದೆ.

ಒಂದು ಬಟ್ಟಲು ರಸದಿಂದ ಗಡಿ ಅಳಿಯುತ್ತದೆಂಬ ಭಾವುಕತೆ ನಮಗಿಲ್ಲ. ಗಡಿಯಲ್ಲಿ, ಭಯೋತ್ಪಾದಕರ ಗುಂಡಿಗೆ, ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖ ನಿಜ. ಅದರ ಮುಂದೆ ಊಟದ ಸ್ನೇಹ ಚಿಕ್ಕದು. ಆದರೆ ಆ ಲೆಕ್ಕವನ್ನು ಪ್ಯಾರಿಸ್ಸಿನ ಓಣಿಯಲ್ಲಿ ತಂದೂರು ಹಚ್ಚಿ ಮಕ್ಕಳನ್ನು ಓದಿಸುತ್ತಿರುವ ಮನುಷ್ಯನಿಂದ ವಸೂಲು ಮಾಡಲು ಹೊರಡುವುದು ದೇಶಭಕ್ತಿಯಲ್ಲ. ದೇಶಕ್ಕೂ ಪ್ರಜೆಗೂ ನಡುವಿನ ಅಂತರವನ್ನು ನಾವೇ ಕಾಯ್ದುಕೊಳ್ಳದಿದ್ದರೆ, ಪರಊರಿನಲ್ಲಿ ನಮ್ಮ ಸರ್ಕಾರದ ಪ್ರತಿಯೊಂದು ನಡೆಗೂ ನಮ್ಮನ್ನೇ ಹೊಣೆ ಮಾಡುವವರಿಗೆ ಯಾವ ಬಾಯಿಂದ ಉತ್ತರಿಸೋಣ?

ಇಷ್ಟು ಹೇಳುವ ನಾವು ಅಂದು ಹಾಗೆ ನಡೆದುಕೊಂಡೆವೇ ಎಂದರೆ, ಇಲ್ಲ. ಏಳುವ ಹೊತ್ತಿಗೆ ಮಾಲೀಕರು ರಸಕ್ಕೆ ಹಣ ಬೇಡವೆಂದರು. ಮಗಳ ಕೈಗೆ ಸೋಂಪು, ಕಲ್ಲುಸಕ್ಕರೆ ಹಾಕಿ, "ಒಂದು ಫೋಟೋ ತೆಗೆದುಕೊಳ್ಳೋಣವೇ?" ಎಂದು ಫೋನು ಕೈಗೆತ್ತಿಕೊಂಡರು. ಆ ಗೋಡೆ ತುಂಬ ಅವರ ಗಿರಾಕಿಗಳ ಚಿತ್ರಗಳಿದ್ದವು. ನಮಗೆ ಆ ಕ್ಷಣ ನೆನಪಾದದ್ದು ಕಛೇರಿ: ಆ ಚಿತ್ರ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ನಾಳೆ ಯಾರು ವಿವರಣೆ ಕೇಳುತ್ತಾರೆ? ಮೆಟ್ರೋಗೆ ತಡವಾಯಿತೆಂದು ಸುಳ್ಳು ಹೇಳಿ ಹೊರಬಿದ್ದೆವು. ಅವರಿಗೆ ತಿಳಿಯದೇ ಇರಲಿಲ್ಲ. ಫೋನನ್ನು ಜೇಬಿಗಿಟ್ಟುಕೊಂಡು, "ಕೋಯಿ ಬಾತ್ ನಹೀಂ" ಎಂದರು. ಊಟಕ್ಕೊಂದು ಚಿತ್ರ ತೆಗೆಸಿಕೊಳ್ಳಬಾರದೆಂದು ಹೇಳುವ ಯಾವ ಸುತ್ತೋಲೆಯನ್ನೂ ನಾವು ಇದುವರೆಗೆ ಕಂಡಿಲ್ಲ. ಆ ನಿಯಮವನ್ನು ನಾವೇ ಬರೆದುಕೊಂಡಿದ್ದೆವು.

ಮೆಟ್ರೋದಲ್ಲಿ ಮಗಳು, "ನಮಗೇನೂ ತಡವಾಗಿರಲಿಲ್ಲವಲ್ಲ ಅಪ್ಪಾ?" ಎಂದು ಕೇಳಿದಳು. ಮುಂದೆ ಎಲ್ಲಿಯಾದರೂ ಇಂಥ ಫಲಕ ಕಂಡರೆ ಒಳಗೆ ಹೋಗಿ, ಉಂಡು, ಯಾರಾದರೂ ಕೇಳಿದರೆ ಚಿತ್ರಕ್ಕೂ ನಿಲ್ಲಬೇಕೆಂದು ನಾವು ನಿಶ್ಚಯಿಸಿದ್ದೇವೆ. ಓದುಗರಿಗೂ ನಮ್ಮ ಸಲಹೆ ಅದೇ.