ಹಿರಿಯರ ಹಾದಿಯಲ್ಲಿ ಅದ್ಭುತ ಕಥೆ
ಅದ್ಭುತರಮ್ಯ ಕಥೆಯೊಂದು ಹಿರಿಯ ಕವಿಯ ಪರಂಪರೆಗೆ ನಿಷ್ಠವಾಗಿರುವ ಎರಡು ಬಗೆಗಳು ಹಳಗನ್ನಡದಲ್ಲಿ ಸ್ಪಷ್ಟವಾಗಿವೆ. ಬಾಣನ ಸಂಸ್ಕೃತ ‘ಕಾದಂಬರಿ’ ಗದ್ಯಕಾವ್ಯ. ಅವನು ಅರ್ಧಕ್ಕೆ ಬಿಟ್ಟುಹೋದುದನ್ನು ಮಗ ಪೂರ್ಣಗೊಳಿಸಿದ. 10ನೆಯ ಶತಮಾನದ ಕೊನೆಯ ಹೊತ್ತಿಗೆ ಒಂದನೆಯ ನಾಗವರ್ಮ ಅದನ್ನು ಗದ್ಯಪದ್ಯ ಬೆರೆತ ಕನ್ನಡ ಚಂಪುವಾಗಿಸಿದ. ಶಾಪದಿಂದ ಜನ್ಮಾಂತರ ಪಡೆಯುವ ನಾಯಕ ಚಂದ್ರಾಪೀಡನ ಕಥೆಯನ್ನು ಹಾಗೆಯೇ ಉಳಿಸಿಕೊಂಡು, ಮೂಲದ ಉದ್ದುದ್ದ ವರ್ಣನೆಗಳನ್ನು ಹಿತಮಿತಗೊಳಿಸಿದ. 12ನೆಯ ಶತಮಾನದ ನೇಮಿಚಂದ್ರನ ದಾರಿ ಬೇರೆ. ಕನಸಿನಲ್ಲಿ ಕಂಡ ಚೆಲುವೆಯನ್ನು ಅರಸಿ ಹೊರಡುವ ನಾಯಕನ ಹಂದರವನ್ನು ಸಂಸ್ಕೃತ ಕವಿ ಸುಬಂಧುವಿನ ‘ವಾಸವದತ್ತೆ’ಯಿಂದ ಪಡೆದು, ತನ್ನ ‘ಲೀಲಾವತಿ’ಯಲ್ಲಿ ಆ ನಾಯಕನನ್ನು ಬನವಾಸಿಯ ಕದಂಬ ರಾಜಕುಮಾರನನ್ನಾಗಿಸಿದ. ಒಬ್ಬ ಕಥೆಯನ್ನು ಉಳಿಸಿ ರೂಪ ಬದಲಿಸಿದ. ಇನ್ನೊಬ್ಬ ಹಂದರ ಉಳಿಸಿ ನೆಲ ಬದಲಿಸಿದ. ಶಾಪವಾಗಲಿ ಕನಸಾಗಲಿ, ಅದ್ಭುತವು ಬರಿಯ ಬೆರಗಾಗದೆ ಪ್ರೇಮವನ್ನು ಮುನ್ನಡೆಸಬೇಕೆಂಬ ತತ್ತ್ವವನ್ನು ಇಬ್ಬರೂ ಬಿಡಲಿಲ್ಲ. ಪರಂಪರೆಗೆ ನಿಷ್ಠೆ ಎಂಬುದರ ಅಳತೆಗೋಲು ಈ ತತ್ತ್ವವೇ ಹೊರತು ಪದಪದದ ಅನುಕರಣೆಯಲ್ಲ.